ಗಡಸು ನೀರಿಗೊಂದು ಹದ

ಚಳ್ಳಕೆರೆಯ ಬೋರ್‌ವೆಲ್ ನೀರು ಗಡಸು. ನಲ್ಲಿಯ ಮೂತಿಗೆ, ಬಕೆಟ್ಟಿನ ಅಂಚಿಗೆ, ಬಚ್ಚಲ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುತ್ತದೆ. ಸೋಪು ತಿಕ್ಕಿದರೆ ನೊರೆಗಿಂತ ಮೊದಲು ಗಸಿ ತೇಲುತ್ತದೆ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಗಾಳಿಗಾಲದಲ್ಲಿ ಕಿಟಕಿ ತೆಗೆದರೆ ಮನೆತುಂಬ ಧೂಳು. ಎಣ್ಣೆ ಮಿಲ್ಲುಗಳ ಊರಾದ್ದರಿಂದ ಅಡುಗೆಗೆ ಶೇಂಗಾ ಎಣ್ಣೆ. ಸಂಜೆ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಕರಿದ ಮೇಲೆ ಬಾಣಲೆಯ ತುಂಬ ಜಿಡ್ಡು. ಗಡಸು ನೀರು, ಧೂಳು, ಜಿಡ್ಡು, ಈ ಮೂರರ ಜೊತೆ ಬಾಳುತ್ತಲೇ ಮನೆಗೆ ಬೇಕಾದ ತೊಳೆಯುವ ಸಾಮಾನನ್ನೆಲ್ಲ ನಾನೇ ಮಾಡಿಕೊಳ್ಳುವ ಗೀಳು ನನಗೆ ಹತ್ತಿತು. ಈಗ ಅದಿಲ್ಲದೆ ಭಾನುವಾರ ಕಳೆಯುವುದೇ ಇಲ್ಲ.

ಎಲ್ಲಕ್ಕಿಂತ ನನಗೆ ಪ್ರೀತಿ ಅಂಟುವಾಳದ ಕೆಲಸ. ಸಂತೆಯಿಂದ ತಂದ ಕಾಯನ್ನು ಎರಡು ದಿನ ಬಿಸಿಲಿಗೆ ಹಾಕಿದರೆ ಸಿಪ್ಪೆ ಗರಿಯಾಗುತ್ತದೆ. ಕಲ್ಲಿನಿಂದ ಮೆಲ್ಲಗೆ ಕುಟ್ಟಿದರೆ ಕರೀ ಬೀಜ ಪಟ್ಟನೆ ಹೊರಗೆ ಹಾರುತ್ತದೆ. ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ; ಅದಕ್ಕೇ ಮೂಗಿಗೆ ಸೆರಗು ಕಟ್ಟಿಕೊಂಡು ಕೂರುತ್ತೇನೆ. ನೂರು ಗ್ರಾಂ ಸಿಪ್ಪೆಯನ್ನು ಒಂದೂವರೆ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸುತ್ತೇನೆ. ಆರಿದ ಮೇಲೆ ಕೈಹಾಕಿ ಕಿವುಚಬೇಕು. ಸಿಪ್ಪೆ ಮೆತ್ತಗಾಗಿ ಬೆರಳ ಸಂದಿಯಿಂದ ಜಾರುತ್ತದೆ, ಹಳೇ ಬೆಲ್ಲದಂಥ ಹುಳಿವಾಸನೆ ಏಳುತ್ತದೆ, ಮೊಣಕೈವರೆಗೆ ನೊರೆ. ತೆಳು ಬಟ್ಟೆಯಲ್ಲಿ ಸೋಸಿದರೆ ಜೇನುಬಣ್ಣದ ದ್ರವ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಕೆಡುವುದರಿಂದ ಫ್ರಿಜ್ಜಿನಲ್ಲಿ ಇಡುತ್ತೇನೆ.

ನಮ್ಮ ನೀರಿಗೆ ಇದು ಒಗ್ಗುವುದಕ್ಕೆ ಕಾರಣವಿದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಸೋಪು ಅವುಗಳ ಜೊತೆ ಸೇರಿ ಗಸಿಯಾಗಿಬಿಡುತ್ತದೆ. ಕೊಳೆ ತೆಗೆಯಲು ಉಳಿಯುವುದು ಸ್ವಲ್ಪವೇ. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಹಾಗೆ ಗಸಿ ಕಟ್ಟುವುದಿಲ್ಲ. ಬೋರ್‌ವೆಲ್ ನೀರಿನಲ್ಲೂ ನೊರೆ ಕೊಡುತ್ತದೆ, ಜಿಡ್ಡು ಬಿಡಿಸುತ್ತದೆ.

ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯಬೇಕೆಂದರೆ ಮೊಳಕಾಲ್ಮೂರಿಗೆ ಹೋಗಬೇಕು. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ರೇಷ್ಮೆಯ ಎಳೆ ಪ್ರೋಟೀನಿನದು. ಕ್ಷಾರ ಹೆಚ್ಚಾದರೆ ಹೊಳಪು ಹೋಗಿ ಎಳೆ ಸೊರಗುತ್ತದೆ. ಬಟ್ಟೆ ಸೋಪು ಕ್ಷಾರ, ವಾಷಿಂಗ್ ಸೋಡ ಇನ್ನೂ ಕ್ಷಾರ. ಅಂಟುವಾಳದ ನೀರು ಮಾತ್ರ ತುಸು ಹುಳಿ. ಅಲ್ಲಿ ಮಗ್ಗದ ಮನೆಯ ಹಿರಿಯರೊಬ್ಬರು ನನಗೆ ಹೇಳಿಕೊಟ್ಟದ್ದು ಇಷ್ಟೆ: “ಸೀರೆ ನೆನೆಹಾಕಬ್ಯಾಡ ಕಣವ್ವ. ಅದ್ದಿ ತೆಗಿ, ಹಿಂಡಬ್ಯಾಡ, ನೆರಳಾಗೆ ಹರವು.” ಇವತ್ತಿಗೂ ಹಾಗೇ ಮಾಡುತ್ತೇನೆ. ಜರಿಯ ಸೆರಗಿನ ಹತ್ತಿರ ಹುಣಸೆಯನ್ನಂತೂ ಸುಳಿಯಗೊಡುವುದಿಲ್ಲ.

ಹುಣಸೆಯ ಜಾಗ ಬೇರೆ. ನಾಯಕನಹಟ್ಟಿ ತೇರು ಹತ್ತಿರ ಬಂತೆಂದರೆ ಹಿತ್ತಾಳೆ ಕೊಡ, ತಾಮ್ರದ ಚೊಂಬು, ದೀಪದ ಕಂಬ ಎಲ್ಲ ಅಟ್ಟದಿಂದ ಇಳಿಯುತ್ತವೆ. ಹೊಸ ಹುಣಸೆ ಬರುವುದೂ ಆಗಲೇ. ಹಳೆಯದನ್ನು ಉಪ್ಪಿನ ಜೊತೆ ಕಿವುಚಿ ಹಚ್ಚಿ ಐದು ನಿಮಿಷ ಬಿಟ್ಟರೆ, ಹುಳಿ ಆ ಕಪ್ಪು ಕಿಲುಬನ್ನು ಕರಗಿಸುತ್ತದೆ. ತೆಂಗಿನ ನಾರಿನಿಂದ ಒಂದು ಸುತ್ತು ತಿಕ್ಕಿದರೆ ಒಳಗಿನ ಹೊಂಬಣ್ಣ ಹೊಳೆಯುತ್ತದೆ. ಕೂಡಲೆ ತೊಳೆದು ಒರೆಸಿಡಬೇಕು, ಹುಳಿ ನಿಂತರೆ ಮತ್ತೆ ಕಲೆ. ಇದೇ ಮರದ ಬೀಜವನ್ನು ಅರೆದು ಸರಿ ಕಾಯಿಸಿ ನಮ್ಮ ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಹಚ್ಚುತ್ತಾರೆ. ಹಣ್ಣು ಪಾತ್ರೆಗೆ, ಬೀಜ ಮಗ್ಗಕ್ಕೆ.

ಜಿಡ್ಡಿನ ಬಾಣಲೆಗೆ ಬೂದಿ. ಬಳ್ಳಾರಿ ಜಾಲಿಯ ಸೌದೆ ಉರಿದ ಬೂದಿಯನ್ನು ಹಳೇ ಪಂಚೆಯಲ್ಲಿ ಜಾಲಿಸಿ ಡಬ್ಬಿಗೆ ತುಂಬುತ್ತೇನೆ. ಜಾಲಿಸದಿದ್ದರೆ ಹರಳು ಸಿಕ್ಕಿ ಸ್ಟೀಲು ಗೀರುತ್ತದೆ. ಬೂದಿಯ ಪೊಟ್ಯಾಷ್ ಕ್ಷಾರ ಎಣ್ಣೆಯನ್ನು ಸಡಿಲಿಸುತ್ತದೆ. ನಮ್ಮ ಕಡೆ ಅಗಸರು ಚೌಳುಮಣ್ಣಿನಲ್ಲಿ ಬಟ್ಟೆ ಬೇಯಿಸುತ್ತಿದ್ದುದೂ ಇದೇ ಗುಣಕ್ಕೆ. ಅದರಲ್ಲಿರುವುದು ಸೋಡದ ಕ್ಷಾರ. ಅಲ್ಯೂಮಿನಿಯಂಗೆ ಮಾತ್ರ ಬೂದಿ ತಗಲಿಸಬಾರದು, ಕಪ್ಪಿಡುತ್ತದೆ.

ನೆಲಕ್ಕೂ ನಲ್ಲಿಗೂ ನಿಂಬೆಸಿಪ್ಪೆಯ ಬಯೋ ಎಂಜೈಮ್. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು; ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಆ ಒಂದು ಉಸಿರಿನ ಸದ್ದು ಕೇಳುವುದೇ ನನಗೊಂದು ಸಡಗರ. ಸೋಸಿದ ಹುಳಿನೀರಿನಲ್ಲಿ ಬಟ್ಟೆ ಅದ್ದಿ ನಲ್ಲಿಯ ಮೂತಿಗೆ ಸುತ್ತಿಟ್ಟರೆ ಬಿಳಿ ಪೊರೆ ಸಡಿಲವಾಗುತ್ತದೆ. ಆ ಪೊರೆ ಸುಣ್ಣದ ಜಾತಿಯದು, ಹುಳಿಗೆ ಕರಗುತ್ತದೆ. ಅಡುಗೆಮನೆಯ ಕಡಪ ಕಲ್ಲೂ ಅದೇ ಜಾತಿ! ನಲ್ಲಿ ಬೆಳಗುವ ನೀರು ಕಲ್ಲಿನ ಮೇಲೆ ನಿಂತರೆ ಕಲ್ಲು ಮಂಕಾಗುತ್ತದೆ. ಅದಕ್ಕೆ ಕಲ್ಲಿಗೆ ಅಂಟುವಾಳ, ಟೈಲ್ಸಿಗೆ ನಿಂಬೆ.

ಕೇಳಿದವರಿಗೆಲ್ಲ ಎರಡು ಮಾತು ಒತ್ತಿ ಹೇಳುತ್ತೇನೆ. ಅಡುಗೆ ಸೋಡ, ವಿನೆಗರ್ ಎರಡನ್ನೂ ಬೆರೆಸಿ ಬಾಟಲಿಗೆ ತುಂಬಬೇಡಿ. ಬುಸ್ಸನೆ ನೊರೆ ಏಳುವುದು ನೋಡಲು ಚೆಂದ, ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಕೊಂಡು ಉಳಿಯುವುದು ಉಪ್ಪುನೀರು. ಒಂದಾದ ಮೇಲೆ ಒಂದು ಹಾಕಿ. ಇನ್ನು ಬ್ಲೀಚಿಂಗ್ ಪುಡಿಗೆ ಯಾವ ಹುಳಿಯನ್ನೂ ಸೋಕಿಸಲೇಬೇಡಿ. ಏಳುವ ಕ್ಲೋರಿನ್ ಅನಿಲ ಎದೆಗೆ ವಿಷ.

ಈ ಕೆಲಸ ನನಗೆ ಕೊಟ್ಟ ದೊಡ್ಡ ಸುಖವೆಂದರೆ ಕೊಳೆಯನ್ನು ಗುರುತು ಹಿಡಿಯುವ ಸುಖ. ಇದು ಜಿಡ್ಡೋ, ಸುಣ್ಣವೋ, ಕಿಲುಬೋ ಎಂದು ಮೊದಲು ತಿಳಿದರೆ ಮದ್ದು ತಾನಾಗಿ ಹೊಳೆಯುತ್ತದೆ. ಮಲೆನಾಡಿನ ಮೆದು ನೀರಿನವರಿಗೆ ಸೋಪೇ ಸಾಕಾದೀತು. ನಮ್ಮ ಬಯಲಿನವರು ಅಂಟುವಾಳದಿಂದ ಶುರುಮಾಡಬೇಕು. ಒಂದು ಹಿಡಿ ಕಾಯಿ ತನ್ನಿ, ಇವತ್ತು ರಾತ್ರಿಯೇ ನೆನೆಹಾಕಿ.