ಬಲೆಯ ಮೇಲೆ ಕೇಸು, ಗೋಡೆಯ ಮೇಲೆ ಇಲ್ಲ

ಮೊನ್ನೆ ನಮ್ಮ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಹಳೇ ಫೋಟೋ ಹಾಕಿದ್ರು. 2005ರಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಖೋಂಗ್ ಹತ್ತಿರ ಮೆಕಾಂಗ್ ನದಿಯಲ್ಲಿ ಬಲೆಗೆ ಬಿದ್ದ ದೈತ್ಯ ಕ್ಯಾಟ್‌ಫಿಶ್. 2.7 ಮೀಟರ್ ಉದ್ದ, 293 ಕೆಜಿ ತೂಕ. ಸುತ್ತ ನಿಂತಿರೋ ಬೆಸ್ತರು ಅದರ ಮುಂದೆ ಮಕ್ಕಳ ಥರ ಕಾಣ್ತಾರೆ. ಕೆಳಗೆ ಒಬ್ಬರ ಮಾತು: "ಇಂಥವರೇ ತಿಂದು ತಿಂದು ಮುಗಿಸಿಬಿಟ್ರು."

ಈ ಮಾತು ನಂಗೆ ಹೊಸದಲ್ಲ. ನಮ್ಮಪ್ಪ ಊರ ಕೆರೇಲಿ ಗಾಳ ಹಾಕ್ತಿದ್ದ. ಮೀನು ಸಿಕ್ಕ ದಿನ ಮನೇಲಿ ಹಬ್ಬ. ಕೆರೆ ಹರಾಜಾದ ವರ್ಷ ಅದೇ ಗಾಳ, ಅದೇ ಅಪ್ಪ, ಆದ್ರೆ ಹೆಸರು ಮಾತ್ರ ಮೀನುಗಳ್ಳ. ಗಾಳ ಕಿತ್ಕೊಂಡು ಕಳಿಸಿದ್ರು. ಆಮೇಲೆ ಕೆರೆ ಒತ್ತುವರಿಯಾಗಿ ಅರ್ಧ ಆಯ್ತು. ಅದನ್ನ ಮಾಡಿದವರನ್ನ ಯಾರೂ ಕಳ್ಳ ಅನ್ನಲಿಲ್ಲ.

ಈಗ ಆ ಮೀನಿನ ಕತೆ ಕೇಳಿ. ಬೆಳೆದ ಮೇಲೆ ಅದಕ್ಕೆ ಹಲ್ಲೇ ಇರಲ್ಲ. ಅಷ್ಟು ದೊಡ್ಡ ಮೈಯನ್ನ ಹೆಚ್ಚಾಗಿ ಪಾಚಿ ತಿಂದೇ ಸಾಕ್ಕೊಳ್ಳುತ್ತೆ. ಮೊಟ್ಟೆ ಇಡೋಕೆ ನದಿಯಲ್ಲಿ ನೂರಾರು ಕಿಲೋಮೀಟರ್ ಈಜಬೇಕು. ಅದಕ್ಕೆ ಬೇಕಾಗಿರೋದು ತಡೆಯಿಲ್ಲದ ದಾರಿ. ಇವತ್ತು ಅದು ಅಳಿವಿನ ತೀವ್ರ ಅಪಾಯದಲ್ಲಿರೋ ಜೀವಿಗಳ ಸಾಲಿನಲ್ಲಿದೆ.

ಹಿಡಿದಿದ್ದರಿಂದ ಕಮ್ಮಿಯಾಗಲೇ ಇಲ್ಲ ಅಂತ ನಾನು ವಾದ ಮಾಡಲ್ಲ. ಬಲೆಗೂ ಅದರಲ್ಲಿ ಪಾಲಿದೆ. ಆದ್ರೆ ಚಿಯಾಂಗ್ ಖೋಂಗ್‌ನ ಬೆಸ್ತರು 2006ರಲ್ಲೇ ಈ ಮೀನಿನ ಬಲೆ ಕೈಬಿಡೋಕೆ ಒಪ್ಕೊಂಡ್ರು. ಇತ್ತ ಲಾವೋಸ್‌ನಲ್ಲಿ ಅದೇ ನದಿಗೆ ಅಡ್ಡವಾಗಿ ಶಾಯಾಬುರಿ ಅಣೆಕಟ್ಟು ಎದ್ದು ನಿಂತು, 2019ರಿಂದ ಕರೆಂಟು ಮಾರ್ತಾ ಇದೆ. ಕೊಳ್ಳೋದು ಬಹುಪಾಲು ಥಾಯ್ಲೆಂಡ್. ಬಡವ ಬಲೆ ಬಿಟ್ಟ. ಗೋಡೆ ಕಟ್ಟಿದವರು ಏನು ಬಿಟ್ರು?

ಅದೇ ಥಾಯ್ಲೆಂಡಿನಿಂದ ನಾವು ಕಲಿಯಬೇಕಾದ್ದೂ ಇದೆ. ಮೆಕಾಂಗ್‌ನ ಉಪನದಿ ಮುನ್. ಅದಕ್ಕೆ 1994ರಲ್ಲಿ ಪಾಕ್ ಮುನ್ ಅಣೆಕಟ್ಟು ಕಟ್ಟಿದ್ರು. ಮೀನು ಹೋಯ್ತು, ಮೀನು ನಂಬಿದ್ದವರ ಅನ್ನ ಹೋಯ್ತು. ವರ್ಷಗಟ್ಟಲೆ ಹೋರಾಟ ಮಾಡಿದ ಮೇಲೆ 2001ರಲ್ಲಿ ಗೇಟು ತೆರೆದ್ರು. ಆಗ ಯಾವ ಮೀನು ವಾಪಸ್ ಬಂತು, ಎಲ್ಲಿ ಬಂತು ಅಂತ ಲೆಕ್ಕ ಬರೆದವರು ಹಳ್ಳಿಯ ಬೆಸ್ತರೇ. 'ತಾಯ್ ಬಾನ್' ಸಂಶೋಧನೆ, ಅಂದ್ರೆ ಹಳ್ಳಿಗರ ಸಂಶೋಧನೆ ಅಂತ ಅದಕ್ಕೆ ಹೆಸರು. ಅಲ್ಲಿ ಸಂಶೋಧಕರು ಅವರೇ. ವಿದ್ಯಾವಂತರು ಅವರ ಜೊತೆಗಿದ್ದ ಸಹಾಯಕರು.

ಇದನ್ನ ಓದಿದಾಗ ನಂಗೆ ಅಪ್ಪ ನೆನಪಾದ. ಮೊದಲ ಮಳೆಗೆ ಯಾವ ಮೀನು ಕೋಡಿ ಹತ್ತುತ್ತೆ, ಯಾವ ತಿಂಗಳು ಗಾಳ ಹಾಕಬಾರದು, ಎಲ್ಲಾ ಗೊತ್ತಿತ್ತು ಅವನಿಗೆ. ಒಬ್ಬರೂ ಕೇಳಲಿಲ್ಲ. ನಾನೂ ಬರ್ಕೊಳ್ಳಲಿಲ್ಲ. ಆ ತಪ್ಪು ನಂದೇ.

2024ರ ಡಿಸೆಂಬರಿನಲ್ಲಿ ಕಾಂಬೋಡಿಯಾದಲ್ಲಿ ಐದೇ ದಿನದಲ್ಲಿ ಆರು ದೈತ್ಯ ಕ್ಯಾಟ್‌ಫಿಶ್ ಸಿಕ್ಕವು. ಬೆಸ್ತರೂ ವಿಜ್ಞಾನಿಗಳೂ ಸೇರಿ ಅವಕ್ಕೆ ಗುರುತಿನ ಪಟ್ಟಿ ಹಾಕಿ ಜೀವಂತ ನದಿಗೆ ಬಿಟ್ರು. ಮೀನು ಇನ್ನೂ ಇದೆ. ಅದನ್ನ ಉಳಿಸೋ ಕೈಯೂ ಇದೆ. ಆ ಕೈಗೆ ಬೇಡಿ ಹಾಕಬೇಡಿ.

ನಿಮ್ಮ ಕೇರಿಯ ಹಿರಿಯರ ಹತ್ರ ಕೆರೆ, ಹೊಳೆ, ಮೀನಿನ ಬಗ್ಗೆ ಕೇಳಿ. ಅವರ ಹೆಸರು ಹಾಕಿ ಬರೆದಿಡಿ. ಆ ಫೋಟೋದಲ್ಲಿ ಮೀನಿನ ತೂಕ ಇದೆ, ಹಿಡಿದವರ ಹೆಸರಿಲ್ಲ. ನಮ್ಮವರಿಗೂ ಹಾಗಾಗೋದು ಬೇಡ.

ಜೈ ಭೀಮ್.