ಮೂರು ತಾಲೂಕಿನ ಮೂರು ಹಿಡಿ ಮಣ್ಣು

ನಮ್ಮ ತಂದೆಯವರು ಲಿಂಗೈಕ್ಯರಾದದ್ದು 2016ರ ಶ್ರಾವಣದಲ್ಲಿ. ವಿಧಿಗಳೆಲ್ಲ ಮುಗಿದು ಬಂಧುಗಳು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಒಂದು ಸಂಜೆ ತಮ್ಮನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ತಲೆ ತಗ್ಗಿಸಿಯೇ ಹೇಳಿದನು: “ಅಣ್ಣಾ, ಆ ನಾಕೆಕರೆ ಎರಿ ಹೊಲ ಮಾರಿಬಿಡೋಣು. ಭೂಮಿ ಸತ್ತದ. ಎಷ್ಟ ಗೊಬ್ಬರ ಹಾಕಿದ್ರೂ ಬೆಳಿ ಹಳದಿ ಆಗ್ತದ.”

ಆಳಂದ ತಾಲೂಕಿನ ಆ ಹೊಲದಲ್ಲಿ ತಂದೆಯವರು ಐವತ್ತು ವರ್ಷ ದುಡಿದಿದ್ದರು. ನಾನಾದರೋ ಶಿಕ್ಷಕ ವೃತ್ತಿಯನ್ನು ಹಿಡಿದು ಕಲಬುರಗಿ ಸೇರಿದವನು; ಅಲ್ಲಿಯ ಜೋಳವನ್ನು ಉಂಡು ಓದಿದವನೇ ಹೊರತು ಒಂದು ದಿನವೂ ಕುಂಟೆ ಹೊಡೆದವನಲ್ಲ. ಹೀಗಿರುವಾಗ ಮಾರಬೇಡವೆಂದು ಹೇಳುವ ಬಾಯಿ ನನಗೆಲ್ಲಿಯದು? ಹಿಂದಿನ ವರ್ಷ ಮಳೆ ಕೈಕೊಟ್ಟು ತಮ್ಮನ ತಲೆಯ ಮೇಲೆ ಸಾಲವೂ ಏರಿತ್ತು. ಮಾರುವ ಮೊದಲು ಒಮ್ಮೆ ಮಣ್ಣನ್ನು ಪರೀಕ್ಷೆ ಮಾಡಿಸೋಣವೆಂದಷ್ಟೇ ಕೇಳಿಕೊಂಡೆನು.

ಮಣ್ಣು ಪರೀಕ್ಷೆಯು ನಮ್ಮ ಭಾಗಕ್ಕೆ ಹೊಸದೇನೂ ಆಗಿರಲಿಲ್ಲ. 2009ರಲ್ಲಿ ರಾಜ್ಯ ಸರಕಾರವು ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಆರಂಭಿಸಿದ ‘ಭೂಚೇತನ’ ಯೋಜನೆಯು ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿಕೊಟ್ಟಿತ್ತು. 2015ರಲ್ಲಿ ಕೇಂದ್ರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯೂ ಬಂದಿತು. ನಮ್ಮ ಮನೆಗೆ ಬಂದ ಕಾರ್ಡನ್ನು ತಂದೆಯವರು ಪಹಣಿಯ ಕಾಗದಗಳೊಂದಿಗೆ ಜೋಪಾನವಾಗಿ ಇಟ್ಟಿದ್ದರು, ಓದಿರಲಿಲ್ಲ. ಆ ಯೋಜನೆಯ ಕ್ರಮದಂತೆ ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿಯನ್ನು ತೆಗೆಯುತ್ತಿದ್ದರು. 10 ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ನಮ್ಮಲ್ಲಿ ಅಷ್ಟರೊಳಗೆ ಮಡ್ಡಿಯೂ ಬರುತ್ತದೆ, ಎರೆಯೂ ಬರುತ್ತದೆ. ಆದ್ದರಿಂದ ನಮ್ಮದೇ ಹೊಲದ ಮಣ್ಣನ್ನು ಬೇರೆಯಾಗಿ ಕೊಡಬೇಕೆಂದು ನಿಶ್ಚಯಿಸಿದೆನು.

ಈಗ ನನ್ನ ಜಾಣತನದ ಕಥೆಯನ್ನು ಹೇಳಬೇಕು. 2017ರ ಬೇಸಿಗೆಯಲ್ಲಿ ಬಿಸಿಲಿಗೆ ಅಂಜಿ, ಒಡ್ಡಿನ ಬದಿಯ ಬೇವಿನ ಮರದ ನೆರಳಿನಲ್ಲಿ ನಿಂತು, ಒಂದೇ ಕಡೆ ಸಲಿಕೆಯಿಂದ ಮಣ್ಣು ಬಗೆದು, ಯೂರಿಯಾದ ಖಾಲಿ ಚೀಲದಲ್ಲಿ ತುಂಬಿಕೊಂಡು ಹೋದೆನು. ವರದಿ ಬಂದಿತು: ಸಾವಯವ ಇಂಗಾಲ ಉತ್ತಮ, ಸಾರಜನಕ ಸಮೃದ್ಧ. ತಮ್ಮನು ಓದಿ ನಕ್ಕನು. “ಕಾಗದದಾಗ ಭೂಮಿ ಜೀವಂತ ಅದ, ಹೊಲದಾಗ ಸತ್ತದ. ಯಾವುದು ನಂಬಲಿ?” ಆ ಬೇವಿನ ಬುಡದಲ್ಲಿ ನಮ್ಮ ಎತ್ತುಗಳು ಇಪ್ಪತ್ತು ವರ್ಷ ಮಲಗಿ ಎದ್ದಿದ್ದವು! ನಾನು ಪರೀಕ್ಷೆ ಮಾಡಿಸಿದ್ದು ಹೊಲವನ್ನಲ್ಲ, ಎತ್ತಿನ ಸಗಣಿ ಮತ್ತು ಚೀಲದ ಯೂರಿಯಾವನ್ನು.

ಮಳೆ ಬೀಳುವ ಮುನ್ನವೇ ಎರಡನೆಯ ಸಲ ಇಬ್ಬರೂ ಕೂಡಿ ಹೋದೆವು. ಒಡ್ಡು, ಮರ, ತಿಪ್ಪೆ ಹಾಕಿದ ಜಾಗಗಳನ್ನು ಬಿಟ್ಟು, ಅಂಕುಡೊಂಕಾಗಿ ನಡೆಯುತ್ತ ಹತ್ತು ಕಡೆ ಮೇಲಿನ ಕಸವನ್ನು ಸರಿಸಿ, ಆರು ಇಂಚು ಆಳದ ಕುಳಿಯ ಗೋಡೆಯಿಂದ ಮಣ್ಣನ್ನು ಕೆರೆದು ತೆಗೆದೆವು. ಅದನ್ನು ಅವ್ವನ ಹಳೆಯ ಸೀರೆಯ ಮೇಲೆ ಸುರಿದು, ಹೆಂಟೆಗಳನ್ನು ಒಡೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ, ಮತ್ತೆ ಬೆರೆಸಿ ಮತ್ತೆ ಚೆಲ್ಲಿ, ಅರ್ಧ ಕಿಲೋ ಉಳಿಸಿಕೊಂಡೆವು. ನೆರಳಿನಲ್ಲಿ ಆರಿಸಿ ಬಟ್ಟೆಯ ಚೀಲದಲ್ಲಿ ಕಟ್ಟಿದೆವು.

ಈ ಸಲದ ವರದಿ ಬೇರೆಯೇ ಮಾತನಾಡಿತು. ರಸಸಾರ 8.4. ಸಾವಯವ ಇಂಗಾಲ ಶೇಕಡಾ 0.36, ಅರ್ಧಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೇ ಲೆಕ್ಕ. ಪೊಟ್ಯಾಷ್ ಹೇರಳ. ಸತು 0.4, ಇರಬೇಕಾದದ್ದು 0.6. ಗಂಧಕ ಕಡಿಮೆ. ನಮ್ಮನ್ನು ಬೆರಗುಗೊಳಿಸಿದ್ದು ರಂಜಕ; ಅದು ಬೇಕಾದುದಕ್ಕಿಂತ ಹೆಚ್ಚಿತ್ತು. ವರ್ಷ ವರ್ಷವೂ ಕೂರಿಗೆಯಲ್ಲಿ ಬಿಟ್ಟ ಡಿಎಪಿ ಅಲ್ಲಿಯೇ ಕೂಡಿಬಿದ್ದು, ಇದ್ದಷ್ಟು ಸತುವೂ ಬೇರಿಗೆ ಸಿಗದಂತೆ ಮಾಡಿತ್ತು. ಬೆಳೆ ಹಳದಿಯಾದಾಗಲೆಲ್ಲ ತಮ್ಮನು ಇನ್ನೊಂದು ಚೀಲ ಡಿಎಪಿ ತರುತ್ತಿದ್ದನು. ಸಾಲದ ಒಂದು ಪಾಲು ಹೀಗೆ ಆಗಿತ್ತು. ಅವನು ಆ ಕಾಗದವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದನು.

ಆ ವರ್ಷ ಡಿಎಪಿಯನ್ನು ಅರ್ಧಕ್ಕೆ ಇಳಿಸಿದೆವು. ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಚೆಲ್ಲಿದೆವು. ಅದನ್ನು ಡಿಎಪಿಯೊಡನೆ ಕೂಡಿಸಬಾರದು, ಕೂಡಿಸಿದರೆ ಎರಡೂ ಕಟ್ಟಿಕೊಂಡು ಬೆಳೆಗೆ ದಕ್ಕುವುದಿಲ್ಲ. ಗಂಧಕಕ್ಕಾಗಿ ಎಕರೆಗೆ 100 ಕಿಲೋ ಜಿಪ್ಸಂ ಹಾಕಿದೆವು. ಎಕರೆಗೆ ಎರಡು ಚೀಲಕ್ಕೆ ಇಳಿದಿದ್ದ ತೊಗರಿ ನಾಲ್ಕು ಚೀಲವಾಯಿತು. ಮಳೆಯೂ ಸಹಕರಿಸಿದ್ದರಿಂದ ಕೀರ್ತಿಯನ್ನೆಲ್ಲ ಸತುವಿಗೇ ಕೊಡಲಾರೆ. ತೊಗರಿಯ ಬೆಲೆಯಂತೂ ಆ ವರ್ಷ ನೆಲ ಕಚ್ಚಿತ್ತು. ಆದರೆ ಹೊಲ ಮಾರುವ ಮಾತನ್ನು ತಮ್ಮನು ಮತ್ತೆ ಎತ್ತಲಿಲ್ಲ.

ತಂಗಿಯನ್ನು ಕೊಟ್ಟಿರುವುದು ಅಫಜಲಪುರ ತಾಲೂಕಿನ ಭೀಮಾ ತೀರದ ಊರಿಗೆ. ಅಲ್ಲಿ ಕಬ್ಬು. ಕೂಳೆ ಕಬ್ಬಿನ ಎಳೆಯ ಎಲೆಗಳು ಬಿಳಿಚಿಕೊಂಡು ನರಗಳಷ್ಟೇ ಹಸಿರಾಗಿ ಉಳಿದಿದ್ದವು. ಭಾವನವರು ಯೂರಿಯಾ ಸುರಿದು ಸುರಿದು ಬೇಸತ್ತಿದ್ದರು. ಸಾರಜನಕದ ಕೊರತೆಯು ಹಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ, ಏಕೆಂದರೆ ಗಿಡವು ಅದನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದ್ದರಿಂದ ಚಿಗುರೇ ಮೊದಲು ಬಾಡುತ್ತದೆ. ಅವರ ವರದಿಯಲ್ಲಿ ಕಬ್ಬಿಣವೇ ಕಡಿಮೆಯಿತ್ತು. ಸುಣ್ಣ ತುಂಬಿದ ನಮ್ಮ ಮಣ್ಣಿಗೆ ಅನ್ನಭೇದಿಯನ್ನು ಹಾಗೆಯೇ ಹಾಕಿದರೆ ಅದು ಕೂಡಲೇ ಬೇರಿಗೆ ಸಿಗದಂತಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಜೊತೆಗೆ ತುಸು ಸಿಟ್ರಿಕ್ ಆಮ್ಲ ಬೆರೆಸಿ ಎಲೆಗಳ ಮೇಲೆಯೇ ಹತ್ತು ದಿನಕ್ಕೊಮ್ಮೆ ಸಿಂಪಡಿಸಿದ ಮೇಲೆ ಹಸಿರು ಮರಳಿತು. ಕಲಬುರಗಿಯ ನಮ್ಮ ಮನೆಯ ಮುಂದೆ ಮಗನು ಬೆಳೆಸಿದ ಅಂಗೈಯಗಲದ ಹುಲ್ಲುಹಾಸಿಗೂ ಇದೇ ಬೇನೆಯಿತ್ತು. ಮನೆ ಕಟ್ಟಿದಾಗಿನ ಸುಣ್ಣ ಸಿಮೆಂಟು ಅದರ ಬುಡದಲ್ಲಿಯೇ ಇತ್ತು. ಭಾವನವರಲ್ಲಿ ಉಳಿದ ಅನ್ನಭೇದಿಯ ಪೊಟ್ಟಣವೇ ಅದಕ್ಕೂ ಸಾಕಾಯಿತು.

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಬೇಳೆಯ ರುಚಿಗೆ ಈ ನೆಲದ ಸುಣ್ಣವೇ ಕಾರಣವೆನ್ನುವರು. ಅದೇ ಸುಣ್ಣವು ಕಬ್ಬಿಣವನ್ನೂ ಸತುವನ್ನೂ ಬಿಗಿಹಿಡಿಯುತ್ತದೆ.

ಜೇವರ್ಗಿಯ ಬೀಗರ ವಿಷಯದಲ್ಲಿ ಮಾತ್ರ ನಾನು ಸುಮ್ಮನಿರಬೇಕಾಗಿತ್ತು. ಅವರ ಊರು ಅರಳಗುಂಡಗಿಗೆ ಸಮೀಪ. ಮಹಾದಾಸೋಹಿ ಶರಣಬಸವೇಶ್ವರರು ಬೇಸಾಯ ಮಾಡುತ್ತ, ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ನೀರಿಟ್ಟು ಸಾಕಿದ ನೆಲವದು. ಬೀಗರ ಹತ್ತಿಯ ಹೊಲಕ್ಕೆ ಕೃಷ್ಣಾ ಮೇಲ್ದಂಡೆಯ ಕಾಲುವೆಯ ನೀರು ಬಂದು, ತಗ್ಗಿನ ಭಾಗ ಸವಳಾಗತೊಡಗಿತ್ತು. ಮಗಳ ಮನೆಯೆಂಬ ಅಭಿಮಾನದಿಂದ ನಾನು, “ಜಿಪ್ಸಂ ಹಾಕ್ರಿ, ನಮ್ಮಲ್ಲಿ ಭಾಳ ಛಲೋ ಆಗ್ಯದ” ಎಂದುಬಿಟ್ಟೆ. ಅವರು ನಂಬಿ ಎಕರೆಗೆ ಎರಡು ಚೀಲ ಹಾಕಿದರು. ಏನೂ ಆಗಲಿಲ್ಲ. ಮಗಳ ಮುಂದೆ ಅವರು ಒಂದು ಮಾತನ್ನೂ ಆಡಲಿಲ್ಲವೆಂಬುದು ಅವರ ದೊಡ್ಡತನ. ಅವರದೇ ಮಣ್ಣನ್ನು ಪರೀಕ್ಷಿಸಿದಾಗ ರಸಸಾರ 9ರ ಹತ್ತಿರವಿತ್ತು, ಸೋಡಿಯಂ ಸೇರಿಕೊಂಡಿತ್ತು. ನಮ್ಮಲ್ಲಿ ಜಿಪ್ಸಂ ಬೆಳೆಗೆ ಆಹಾರ. ಅಲ್ಲಿ ಅದು ಸೋಡಿಯಂ ಅನ್ನು ಹೊರದೂಡುವ ಮದ್ದು. ಆ ಕೆಲಸಕ್ಕೆ ಟನ್ನುಗಟ್ಟಲೆ ಬೇಕು, ಎಷ್ಟು ಬೇಕೆಂದು ತಿಳಿಯಲು ಬೇರೆಯದೇ ಪರೀಕ್ಷೆ ಉಂಟು, ಮತ್ತು ಬಸಿಗಾಲುವೆ ತೋಡದಿದ್ದರೆ ಅಷ್ಟೂ ವ್ಯರ್ಥ. ಬಸಿಗಾಲುವೆಗೆ ಕೆಳಗಿನ ಹೊಲದವರು ಒಪ್ಪಲು ಎರಡು ವರ್ಷ ಹಿಡಿಯಿತು.

2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದಾಗ ನಮ್ಮ ಹೊಲವೂ ಒಣಗಿತು. ಮಣ್ಣಿನಲ್ಲಿ ವಾಸಿಸುವ ಆ ಶಿಲೀಂಧ್ರವನ್ನು ನಮ್ಮ ಚೀಲದ ಪರೀಕ್ಷೆ ಹೇಳುವುದಿಲ್ಲ. ತಮ್ಮನು ಸಿಟ್ಟಾಗಲಿಲ್ಲ, ಮರುವರ್ಷ ತೊಗರಿ ಬಿಟ್ಟು ಜೋಳ ಬಿತ್ತಿದನು.

ಕಳೆದ ಸಲದ ವರದಿಯಲ್ಲಿ ಸಾವಯವ ಇಂಗಾಲ 0.44ಕ್ಕೆ ಬಂದಿದೆ. ಈಗ ಮಣ್ಣು ತೆಗೆಯಲು ತಮ್ಮನಿಗೆ ನನ್ನ ಅವಶ್ಯಕತೆಯಿಲ್ಲ. ಚೀಲದೊಳಗಿನ ಚೀಟಿಯಲ್ಲಿ ಸರ್ವೇ ನಂಬರಿನ ಮುಂದೆ ಅವನು ಇಂದಿಗೂ ತಂದೆಯವರ ಹೆಸರನ್ನೇ ಬರೆಯುತ್ತಾನೆ. ಪಹಣಿ ಬದಲಾಗಿ ಎಷ್ಟೋ ವರ್ಷಗಳಾದವು. ನಾನು ತಿದ್ದಲು ಹೋಗಿಲ್ಲ.