ಎಲ್ಲೆಯಾಚೆಯ ಅಹಿಂಸೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಗೃಹಸ್ಥನು ನದಿ, ಪರ್ವತ, ಅರಣ್ಯ ಮೊದಲಾದ ಪ್ರಸಿದ್ಧ ಗುರುತುಗಳಿಂದ ಹತ್ತು ದಿಕ್ಕುಗಳಿಗೂ ಎಲ್ಲೆಯನ್ನು ನಿಶ್ಚಯಿಸಿಕೊಂಡು, ಅದರಾಚೆಗೆ ತನ್ನ ವ್ಯವಹಾರವನ್ನು ಚಾಚುವುದಿಲ್ಲವೆಂದು ಸಂಕಲ್ಪಿಸುವುದೇ ಅದರ ಸ್ವರೂಪ. ಎಲ್ಲೆಯ ಹೊರಗೆ ಅವನಿಂದ ಸೂಕ್ಷ್ಮ ಹಿಂಸೆಯೂ ಘಟಿಸುವುದಿಲ್ಲವಾದ್ದರಿಂದ, ಆ ಪ್ರದೇಶದ ಮಟ್ಟಿಗೆ ಅವನ ಅಣುವ್ರತವು ಮಹಾವ್ರತದ ಯೋಗ್ಯತೆಯನ್ನು ಪಡೆಯುತ್ತದೆಯೆಂಬುದು ಸಮಂತಭದ್ರಾಚಾರ್ಯರ ಅಭಿಪ್ರಾಯ. ಎಲ್ಲೆಯೆಂಬುದು ಹೊರಗಿನವರಿಗೆ ನಾವು ಕೊಡುವ ಅಭಯ.

ನಮ್ಮ ಪಟ್ಟಣಗಳ ಎಲ್ಲೆಯಾದರೋ ಇದಕ್ಕೆ ತೀರ ವಿರುದ್ಧವಾಗಿ ಕೆಲಸ ಮಾಡುತ್ತದೆ. ಎಲ್ಲೆಯ ಒಳಗೆ ಬೀದಿ ಗುಡಿಸುವವರಿದ್ದಾರೆ, ದೀಪಗಳಿವೆ, ಚರಂಡಿಗಳಿವೆ. ಗುಡಿಸಿದ ಕಸ ಎಲ್ಲಿಗೆ ಹೋಯಿತು, ಚರಂಡಿಯ ನೀರು ಯಾವ ಕೆರೆಯನ್ನು ಸೇರಿತು ಎಂದು ಕೇಳುವವರಿಲ್ಲ. ಪಟ್ಟಣದ ಗಡಿಯ ಕಲ್ಲನ್ನು ದಾಟಿದೊಡನೆ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ. ವಾಣಿಜ್ಯಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಇದು ಸಾಲವನ್ನು ಅಢಾವೆ ಪತ್ರಿಕೆಯಲ್ಲಿ ಕಾಣಿಸದೆ ಲಾಭವನ್ನಷ್ಟೇ ತೋರಿಸುವ ಅಂಗಡಿಯ ಲೆಕ್ಕ.

ಕೆಲವು ವರ್ಷಗಳ ಹಿಂದೆ ನಮ್ಮ ಪುರಸಭೆಗೆ ಅಧ್ಯಕ್ಷರಾಗಿದ್ದ ಮಹಿಳೆಯೊಬ್ಬರು ಈ ಲೆಕ್ಕವನ್ನು ತಿದ್ದಲು ಒಂದು ಸರಳ ಕ್ರಮವನ್ನಿಟ್ಟುಕೊಂಡಿದ್ದರು. ಸುತ್ತಣ ನಾಲ್ಕು ಗ್ರಾಮ ಪಂಚಾಯತಿಗಳಲ್ಲಿ ಒಂದಕ್ಕೆ ಪ್ರತಿ ಗುರುವಾರ ಹೋಗುವುದು. ಹೀಗೆ ತಿಂಗಳಿಗೊಮ್ಮೆ ಪ್ರತಿ ಪಂಚಾಯತಿಯ ಸರದಿ ಬರುತ್ತಿತ್ತು. ಪುರಸಭೆಯ ಅಧ್ಯಕ್ಷರಿಗೆ ನೆರೆಯ ಪಂಚಾಯತಿಯ ಮೇಲೆ ಯಾವ ಅಧಿಕಾರವೂ ಇಲ್ಲ. ಆದ್ದರಿಂದ ಅವರು ಆಜ್ಞೆ ಮಾಡಲು ಹೋಗುತ್ತಿರಲಿಲ್ಲ, ಕೇಳಲು ಹೋಗುತ್ತಿದ್ದರು. ವರ್ತಕರ ಸಂಘದ ಪರವಾಗಿ ನಾನೂ ಹಲವು ಬಾರಿ ಜೊತೆಗಿದ್ದೆ. ಪಂಚಾಯತಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ನಾಲ್ಕಾರು ಮಂದಿ ಹಿರಿಯರು ಸೇರುತ್ತಿದ್ದರು. ಅಧ್ಯಕ್ಷೆಯವರ ಕೈಯಲ್ಲಿ ಒಂದು ನೋಟುಬುಕ್ಕು. ಅದರಲ್ಲಿ ಜಮೆ-ಖರ್ಚಿನಂತೆ ಎರಡು ಅಂಕಣ. ಒಂದರಲ್ಲಿ ಆ ಊರಿನಿಂದ ಪಟ್ಟಣವು ಪಡೆದದ್ದು: ಕುಡಿಯುವ ನೀರಿನ ಕೊಳವೆಗೆ ದಾರಿ, ಬೆಳಗಿನ ಹಾಲು, ಸಂತೆಯ ತರಕಾರಿ, ಕಟ್ಟಡಕ್ಕೆ ಕೂಲಿಯಾಳು. ಇನ್ನೊಂದರಲ್ಲಿ ಪಟ್ಟಣವು ಆ ಊರಿಗೆ ಕೊಟ್ಟದ್ದು. ಎರಡನೆಯ ಅಂಕಣದಲ್ಲಿ ಬಹಳ ದಿನ ಕಸ ಮತ್ತು ಕೊಳೆನೀರು ಎಂಬ ಎರಡೇ ಪದಗಳಿದ್ದವು.

ಕಸದ ಗುಂಡಿಯ ಪಕ್ಕದ ಊರಿನಲ್ಲಿ ಹಿರಿಯರೊಬ್ಬರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಅಮ್ಮಾ, ನಿಮ್ಮ ಪೇಟೆಯಲ್ಲಿ ಹಬ್ಬ ಮುಗಿದದ್ದು ನಮಗೆ ನೊಣಗಳಿಂದ ಗೊತ್ತಾಗುತ್ತದೆ." ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಅಧ್ಯಕ್ಷೆಯವರು ಅಂದು ಯಾವ ಭರವಸೆಯನ್ನೂ ಕೊಡಲಿಲ್ಲ. ಮುಂದಿನ ಸರದಿಗೆ ಪುರಸಭೆಯ ಆರೋಗ್ಯ ನಿರೀಕ್ಷಕರನ್ನು ಕರೆದೊಯ್ದು ಗುಂಡಿಯನ್ನೂ ಬಾವಿಯನ್ನೂ ತೋರಿಸಿದರು. ಆಮೇಲೆ ಪೇಟೆಯ ಅಂಗಡಿ, ಹೋಟೆಲು, ಛತ್ರಗಳು ಹಸಿಕಸವನ್ನು ಬೇರೆಯಾಗಿಯೇ ಕೊಡಬೇಕೆಂದು ಪಟ್ಟುಹಿಡಿದರು.

ವಿರೋಧ ಬಂದದ್ದು ಹಳ್ಳಿಯಿಂದಲ್ಲ, ನಮ್ಮವರಿಂದಲೇ. "ತೆರಿಗೆ ಕಟ್ಟುವವರು ನಾವು, ಅವರ ಮಾತೇಕೆ ಕೇಳಬೇಕು?" ಎಂದು ವರ್ತಕರು ಆಕ್ಷೇಪಿಸಿದರು. "ಓಟು ಇಲ್ಲಿದೆ, ಅಧ್ಯಕ್ಷರು ಅಲ್ಲಿ ತಿರುಗುತ್ತಾರೆ" ಎಂದರು ಕೆಲವು ಸದಸ್ಯರು. ಅವರ ಉತ್ತರ ಚಿಕ್ಕದು: "ಓಟಿಲ್ಲದವರ ಮಾತು ಕೇಳುವುದಕ್ಕೇ ನಾನಾಗಿ ಹೋಗಬೇಕು. ಓಟಿದ್ದವರು ತಾವೇ ಬರುತ್ತಾರೆ." ಅನೇಕಾಂತವನ್ನು ಗ್ರಂಥದಲ್ಲಿ ಓದಿದ್ದ ನನಗೆ, ಅದು ಆಡಳಿತದಲ್ಲಿ ಹೇಗಿರುತ್ತದೆಂದು ಅಂದು ತಿಳಿಯಿತು. ವಸ್ತುವನ್ನು ಇನ್ನೊಂದು ನಯದಿಂದ ಕಾಣಬೇಕಾದರೆ ಕೆಲವೊಮ್ಮೆ ಎದ್ದು ಅಲ್ಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಫಲವನ್ನು ಹಿಗ್ಗಿಸಿ ಹೇಳಲಾರೆ. ನೊಣಗಳ ಕಾಟ ಕಡಿಮೆಯಾಯಿತು. ಕೆಟ್ಟ ಬಾವಿ ಸರಿಹೋಗಲಿಲ್ಲ. ಎರಡೂವರೆ ವರ್ಷದ ಅವಧಿ ಮುಗಿದ ಮೇಲೆ ಗುರುವಾರದ ಭೇಟಿಯೂ ನಿಂತಿತು. ಒಬ್ಬರ ಸದ್ಗುಣದ ಮೇಲೆ ನಿಂತ ಪದ್ಧತಿ ಅವರೊಡನೆಯೇ ಕುರ್ಚಿಯಿಂದ ಇಳಿಯಿತು.

ಇಂಥ ವಿಚಾರವಿನಿಮಯಕ್ಕೆ ಕಾನೂನಿನಲ್ಲಿ ಎಡೆಯಿಲ್ಲವೆಂದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿದೆ. ಅದರ ಐದರಲ್ಲಿ ನಾಲ್ಕಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯತಿ ಹಾಗೂ ಪೌರಸಂಸ್ಥೆಗಳ ಚುನಾಯಿತ ಸದಸ್ಯರಿಂದ ಆರಿಸಿ ಬರಬೇಕು. ಪಂಚಾಯತಿ ಮತ್ತು ಪೌರಸಂಸ್ಥೆಗಳ ಸಮಾನ ಹಿತದ ವಿಷಯಗಳನ್ನು, ನೀರಿನ ಹಂಚಿಕೆಯನ್ನೂ ಪರಿಸರ ರಕ್ಷಣೆಯನ್ನೂ, ಗಮನದಲ್ಲಿಟ್ಟು ಸಮಿತಿಯು ಯೋಜನೆ ಸಿದ್ಧಪಡಿಸಬೇಕು. ಆದರೆ ಇಡೀ ಜಿಲ್ಲೆಗೆ ಒಂದೇ ಸಮಿತಿ. ಒಂದು ಚರಂಡಿಯ, ಒಂದು ಬಾವಿಯ ದುಃಖ ಅಲ್ಲಿಗೆ ತಲುಪುವಷ್ಟರಲ್ಲಿ ಮಳೆಗಾಲಗಳು ಕಳೆದಿರುತ್ತವೆ.

ನೆರೆಯವರ ಮಾತನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ರಾಜಧಾನಿಯೇ ನಿದರ್ಶನ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಅಲ್ಲಿಯ ಜನರ ಪ್ರತಿರೋಧದಿಂದ 2012ರಲ್ಲಿ ಅದು ನಿಂತಾಗ ಮಂಡೂರಿನ ಮೇಲಿನ ಹೊರೆ ಬೆಳೆಯಿತು. ಮಂಡೂರಿನವರೂ ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಯೂ ನಿಲ್ಲಿಸಬೇಕಾಯಿತು. ಲಾರಿಗಳು ನಿಂತರೂ ಕಸದ ಗುಡ್ಡ ಊರಿಗೇ ಉಳಿಯಿತು.

ಮುನಿಗಳ ಪಂಚ ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಜೀವಜಂತುಗಳಿಲ್ಲದ ನೆಲವನ್ನು ನೋಡಿ, ಪರೀಕ್ಷಿಸಿ ವಿಸರ್ಜಿಸಬೇಕೆಂಬುದು ಅದರ ನಿಯಮ. ಏನು ಉಣ್ಣಬೇಕೆಂಬುದಕ್ಕೆ ಏಷಣಾ ಸಮಿತಿಯಿದ್ದರೆ, ಏನನ್ನು ಎಲ್ಲಿ ಬಿಡಬೇಕೆಂಬುದಕ್ಕೂ ಅಷ್ಟೇ ಗೌರವದ ಇನ್ನೊಂದು ಸಮಿತಿಯಿದೆ. ಆಹಾರಶುದ್ಧಿಯಲ್ಲಿ ಇಷ್ಟೊಂದು ಎಚ್ಚರವಿರುವ ನಮ್ಮ ಸಮಾಜವು ವಿಸರ್ಜನೆಯ ಶುದ್ಧಿಯನ್ನು ಮುನಿಗಳಿಗೆ ಮಾತ್ರ ಬಿಟ್ಟುಬಿಡಬಹುದೇ? ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ, ಎಂಜಲೆಲೆಯನ್ನು ರಾತ್ರಿ ಇನ್ನೊಬ್ಬರ ಹೊಲದಂಚಿಗೆ ಕಳುಹಿಸಿದರೆ ಆ ಊಟದ ಅಹಿಂಸೆ ಎಷ್ಟು ಉಳಿಯಿತು?

ಆದಕಾರಣ ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ. ರಥೋತ್ಸವಕ್ಕೋ ಪಂಚಕಲ್ಯಾಣಕ್ಕೋ ಸಿದ್ಧತೆ ನಡೆಸುವಾಗ ಪುರಸಭೆಯ ಅನುಮತಿ ಪಡೆಯುತ್ತೇವೆ. ಕಸ ಹೋಗಿ ಬೀಳುವ ಊರಿನ ಪಂಚಾಯತಿಯನ್ನೂ ಒಮ್ಮೆ ಕಂಡು ಮಾತನಾಡೋಣ. ನೀರಿನ ಬಾಟಲಿಯ ಬದಲು ಹಂಡೆ-ಲೋಟವಿಡೋಣ. ಎಲೆಯನ್ನೂ ಉಳಿದ ಅನ್ನವನ್ನೂ ಬೇರೆಯಾಗಿರಿಸಿ ಗೊಬ್ಬರಕ್ಕೆ ಸೇರಿಸುವ ವೆಚ್ಚವನ್ನು ಅನ್ನಸಂತರ್ಪಣೆಯ ಲೆಕ್ಕದಲ್ಲೇ ಹಿಡಿಯೋಣ. ಸ್ಥಳೀಯ ಸಂಸ್ಥೆಗಳಲ್ಲಿರುವ ನಮ್ಮ ಬಂಧುಗಳು ನೆರೆಯ ಪಂಚಾಯತಿಯ ಭೇಟಿಗೆ ವಾರದಲ್ಲೊಂದು ದಿನವನ್ನು ಠರಾವಿನ ಮೂಲಕ ನಿಗದಿಪಡಿಸಿದರೆ, ಅಧ್ಯಕ್ಷರು ಬದಲಾದರೂ ನಿಯಮ ಉಳಿದೀತು. ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ನಾವು ಮನಸ್ಸು ಬಂದಾಗ ಮಾತ್ರ ಮಾಡುವುದಿಲ್ಲ, ತಿಥಿ ಬಂದಾಗ ಮಾಡುತ್ತೇವೆ. ನೆರೆಯವರನ್ನು ಕೇಳುವುದಕ್ಕೂ ಅಂಥದೊಂದು ತಿಥಿ ಬೇಕು.